ಎಪ್ಪತ್ತೊಂದರ ವಾಚು

ನಮ್ಮ ಅತ್ತೆ ಮುನಿಗಂಗಮ್ಮ ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ, ಒಲೆಯ ಮೇಲೆ ಹಾಲಿಡುವ ಮುಂಚೆ, ಬೀರು ತೆಗೆದು ಒಂದು ವಾಚಿಗೆ ಕೀ ಕೊಡುತ್ತಿದ್ದರು. ನಾನು ಈ ಮನೆಗೆ ಸೊಸೆಯಾಗಿ ಬಂದು ಹತ್ತು ವರ್ಷವಾಯಿತು, ಒಂದು ದಿನ ತಪ್ಪಿದ್ದು ಕಂಡಿಲ್ಲ. ಎಚ್‌ಎಂಟಿ ಜನತಾ ವಾಚು, ಬಿಳಿ ಮುಖ, ಸ್ಟೀಲ್ ಚೈನು. ಈ ವರ್ಷದವರೆಗೂ ಅದನ್ನು ಯಾರೂ ಕೈಗೆ ಕಟ್ಟುತ್ತಿರಲಿಲ್ಲ. ಆದರೂ ರೇಷ್ಮೆ ಹುಳುವಿಗೆ ಸೊಪ್ಪು ಹಾಕುವುದು ಅದರ ಟೈಮಿಗೆ, ನನ್ನ ಗಂಡ ನರೇಶ ನರಸಾಪುರದ ಕಂಪನಿ ಬಸ್ಸಿಗೆ ಓಡುವುದೂ ಅದರ ಟೈಮಿಗೆ. ನಲವತ್ತೆರಡು ವರ್ಷದಿಂದ ಆ ವಾಚು ಓಡುತ್ತಿರುವುದು ಬರೀ ಅತ್ತೆಯ ಹಟದಿಂದ, ಬೇಕಾದರೆ ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಹಟಕ್ಕೆ ಕಾರಣವಿದೆ. ಎಂಬತ್ತಮೂರರಲ್ಲಿ ನಂಗಲಿಯಲ್ಲಿ ಅತ್ತೆಯ ಮದುವೆಯಾದಾಗ, ಅವರ ಅಪ್ಪ ನರಸಿಂಹಪ್ಪ ಅಳಿಯನಿಗೆ ಕೊಟ್ಟ ವಾಚು ಅದು. ಮದುವೆಯಾದ ಮೂರನೇ ದಿನ ನಮ್ಮ ಮಾವನ ಸೋದರಮಾವ, ಸ್ಕೂಲ್ ಮೇಷ್ಟರು, ಕನ್ನಡಕ ಏರಿಸಿ ವಾಚನ್ನು ತಿರುಗಿಸಿ ನೋಡಿದರಂತೆ. ಹಿಂದಿನ ಮುಚ್ಚಳದ ಮೇಲೆ ಒಂದು ಉದ್ದದ ನಂಬರು, ಅದರ ಮೊದಲೆರಡು ಅಂಕಿ ಏಳು, ಒಂದು. ಇದು ಎಪ್ಪತ್ತೊಂದನೇ ಇಸವಿಯ ವಾಚು, ಹನ್ನೆರಡು ವರ್ಷದ ಹಳೇ ಮಾಲು ಎಂದು ಅವರು ತೀರ್ಪು ಕೊಟ್ಟರು. ಮೇಷ್ಟರು ಹೇಳಿದ ಮೇಲೆ ಮುಗಿಯಿತು, ಮತ್ತೆ ಯಾರೂ ಕೇಳಲಿಲ್ಲ.

ಅವತ್ತಿನಿಂದ ಈ ಮನೆಯಲ್ಲಿ ಹಳಸಿದ್ದಕ್ಕೆಲ್ಲ ಎಪ್ಪತ್ತೊಂದು ಎಂಬುದೇ ಹೆಸರು. ಸಾರು ನಿನ್ನೆಯದಾದರೆ ಎಪ್ಪತ್ತೊಂದರ ಸಾರು. ಮಿಕ್ಸಿ ಕೆಟ್ಟರೆ ಎಪ್ಪತ್ತೊಂದರ ಮಿಕ್ಸಿ. ಮಾವ ಅಶ್ವತ್ಥಪ್ಪ ಅಂದರು, ಅವರನ್ನು ಕೇಳಿ ಮಕ್ಕಳು ಕಲಿತರು. ಹೇಳಲು ನಾಚಿಕೆಯಾಗುತ್ತದೆ, ಅರ್ಥ ಗೊತ್ತಾಗುವ ಮುಂಚೆ ನಾನೂ ಒಂದೆರಡು ಸಲ ಅಂದು ನಕ್ಕಿದ್ದೇನೆ. ಅತ್ತೆ ಮಾತ್ರ ಒಂದೇ ಮಾತು ಹೇಳುತ್ತಿದ್ದರು, ನಮ್ಮ ನೈನ ಹೊಸದೇ ಕೊಟ್ಟಿದ್ದು ಎಂದು. ನಂಗಲಿಯಿಂದ ಆಂಧ್ರ ಒಂದು ಕೂಗಳತೆ, ಅವರ ಮನೆಯಲ್ಲಿ ಅಪ್ಪನನ್ನು ನೈನ ಎಂದೇ ಕರೆಯುವುದು. ಮೇಷ್ಟರ ತೀರ್ಪಿನ ಮೇಲೆ ಮಾವ ಆ ವಾಚನ್ನು ಒಂದು ದಿನವೂ ಕಟ್ಟಲಿಲ್ಲ. ಅತ್ತೆ ಒಂದು ದಿನವೂ ಅದನ್ನು ನಿಲ್ಲಲು ಬಿಡಲಿಲ್ಲ.

ಈ ವರ್ಷ ಅವರೆಕಾಯಿ ಕಾಲದಲ್ಲಿ ನನ್ನ ನಾದಿನಿ ಚಂದನಳಿಗೆ ಮಾಲೂರು ಕಡೆಯಿಂದ ಒಂದು ಸಂಬಂಧ ಬಂತು. ತಂದವರು ಮಾವನ ಅಕ್ಕ ಚಿಕ್ಕಗಂಗಮ್ಮ. ಎಪ್ಪತ್ತೈದು ವರ್ಷ, ಹಲ್ಲು ಅರ್ಧ ಹೋಗಿವೆ, ಮಾತು ಒಂದೂ ಹೋಗಿಲ್ಲ. ಹುಡುಗ ವೇಣುಗೋಪಾಲ್ ಬ್ಯಾಂಕಿನಲ್ಲಿದ್ದಾನೆ. ಚಂದನಳೂ ಅಣ್ಣನ ಹಾಗೆ ನರಸಾಪುರದಲ್ಲಿ ಕೆಲಸಕ್ಕೆ ಹೋಗುವವಳು. ಹುಡುಗನ ಜೊತೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದಳು, ಇಬ್ಬರಿಗೂ ಒಪ್ಪಿಗೆಯಿತ್ತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಮುದ್ದೆ, ಹಿದುಕಿದ ಅವರೆಬೇಳೆ ಸಾರು. ಬೇಳೆ ಹಿದುಕಿ ಹಿದುಕಿ ನನ್ನ ಉಗುರುಗಳೆಲ್ಲ ಉರಿಯುತ್ತಿದ್ದವು. ಹುಡುಗನಿಗೆ ಸೂಟು, ಉಂಗುರ, ವಾಚು, ಅಷ್ಟು ಮಾಡಿದರೆ ಸಾಕು ಎಂದು ಚಿಕ್ಕಗಂಗಮ್ಮ ಹೇಳಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಮುದ್ದೆ ಮುರಿಯುತ್ತಾ ಮುಂದುವರಿಸಿದರು.

"ವಾಚು ಮಾತ್ರ ಹೊಸದು ಕೊಡಪ್ಪಾ ಅಶ್ವತ್ಥ. ನಿಮ್ಮ ಮಾವ ಕೊಟ್ಟಂಗೆ ಎಪ್ಪತ್ತೊಂದರದು ಕೊಟ್ಟು ನನ್ನ ಮಾನ ಕಳೀಬೇಡ."

ಮಾವ ಎಂದಿನಂತೆ ನಕ್ಕರು. ನರೇಶನೂ ನಕ್ಕ. ಅತ್ತೆ ಸೌಟನ್ನು ಸಾರಿನ ಪಾತ್ರೆಯಲ್ಲೇ ಬಿಟ್ಟರು.

"ಅತ್ತಿಗೆ, ಈ ವಾಚು ಯಾವ ವರ್ಷದ್ದು ಅಂತ ನಾನೇ ಹೋಗಿ ತಿಳ್ಕೊಂಡು ಬರ್ತೀನಿ. ಅಲ್ಲಿವರೆಗೂ ಈ ಮನೇಲಿ ಯಾರಿಗೂ ವಾಚು ಕೊಡೋ ಮಾತಿಲ್ಲ."

"ಹುಚ್ಚು ಹಿಡೀತೇನೇ ನಿಂಗೆ?" ಎಂದರು ಮಾವ.

"ಹಿಡೀಲಿ ಬಿಡಿ. ನಲವತ್ತೆರಡು ವರ್ಷ ಆಯ್ತಲ್ಲ."

ಆಮೇಲೆ ಎರಡು ವಾರ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಅತ್ತೆ ಅಡಿಗೆ ಮಾಡಿದರು, ಹುಳುವಿಗೆ ಸೊಪ್ಪು ಕತ್ತರಿಸಿದರು, ಯಾವ ಕೆಲಸವನ್ನೂ ಬಿಡಲಿಲ್ಲ. ಆದರೆ ಮಾವನಿಗೆ ಬಡಿಸುವಾಗ ಇನ್ನೂ ಬೇಕಾ ಎಂದು ಕೇಳುವುದನ್ನು ನಿಲ್ಲಿಸಿದರು. ಕೇಳಿ ಹಾಕಿಸಿಕೊಳ್ಳುವ ಅಭ್ಯಾಸ ಮಾವನಿಗಿಲ್ಲ. ಪಾಪ, ಎರಡು ವಾರ ಒಂದೇ ಮುದ್ದೆಯಲ್ಲಿ ಎದ್ದರು.

ಚಂದನ ಕಂಪನಿ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಮೊಬೈಲಿನಲ್ಲಿ ಹುಡುಕಿದಳು. ಅಂಥದೇ ವಾಚಿನ ನೂರು ಫೋಟೋ ಸಿಕ್ಕವು, ಒಬ್ಬೊಬ್ಬರು ಒಂದೊಂದು ವರ್ಷ ಹೇಳಿದ್ದರು. ಒಬ್ಬನಂತೂ ವಾಚನ್ನು ಮಾರುತ್ತೀರಾ ಎಂದು ಕೇಳಿದ. ನರೇಶನಿಗೆ ಇದೆಲ್ಲ ಬೇಡದ ರಗಳೆಯಾಗಿ ಕಂಡಿತು. ಹಳೇ ವಾಚಿಗೆ ಇಷ್ಟು ರಾಮಾಯಣ ಯಾಕೆ ಎಂದು ನನ್ನ ಹತ್ತಿರ ಗೊಣಗಿದ. ನಾನು ಸುಮ್ಮನಿರುವವಳೇ? ನಮ್ಮಪ್ಪ ಮದುವೆಯಲ್ಲಿ ನಿನಗೆ ಕೊಟ್ಟ ವಾಚೆಲ್ಲಿದೆ ಎಂದು ಕೇಳಿದೆ. ಶೆಲ್ ಹೋಗಿ ಡ್ರಾದಲ್ಲಿ ಬಿದ್ದು ಆರು ವರ್ಷವಾಗಿತ್ತು, ಮನೆಯಿಂದ ಹೊರಬಿದ್ದರೆ ಇವನು ಟೈಮು ನೋಡುವುದು ಮೊಬೈಲಿನಲ್ಲಿ. ಅದನ್ನು ಕೊಳ್ಳಲು ನಮ್ಮಪ್ಪ ಕೋಲಾರದ ಅಂಗಡಿಯಲ್ಲಿ ಅರ್ಧ ದಿನ ನಿಂತಿದ್ದರು ಕಣೋ ಎಂದೆ. ಅವನು ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದ.

ಚಂದನಳಿಗೆ ವಾರದ ರಜೆ ಇದ್ದ ದಿನ ನಾವು ಮೂವರು ಹೆಂಗಸರು ಮುಳಬಾಗಿಲಿಗೆ ಹೋದೆವು. ಕೀ ಕೊಡುವ ವಾಚು ಬಿಚ್ಚುವವರು ಈಗ ಅಪರೂಪ, ಬಜಾರ್ ರಸ್ತೆಯ ಖಲೀಲ್ ಸಾಹೇಬರ ಹತ್ತಿರ ಹೋಗಿ ಎಂದು ನಮಗೆ ಹತ್ತಿರದ ಶ್ರೀನಿವಾಸಪುರದ ಅಂಗಡಿಯವರು ಹೇಳಿದ್ದರು. ಖಲೀಲ್ ಸಾಹೇಬರದು ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿ, ಒಬ್ಬರು ಕೂತರೆ ತುಂಬಿಹೋಗುತ್ತದೆ. ಅತ್ತೆ ಕರ್ಚೀಫಿನ ಗಂಟು ಬಿಚ್ಚಿ ವಾಚು ಕೊಟ್ಟು, ಇದು ಯಾವ ಇಸವಿಯದು ಹೇಳಿ ಎಂದು ಕೇಳಿದರು. ಎಪ್ಪತ್ತೊಂದರ ಕಥೆಯನ್ನೂ ಹೇಳಿದರು.

ಸಾಹೇಬರು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ನೋಡಿದರು. ಆಮೇಲೆ ಡಬ್ಬಿಯಿಂದ ಇನ್ನೊಂದು ವಾಚು ತೆಗೆದು ಬೆನ್ನು ತೋರಿಸಿದರು. ಅದರ ನಂಬರು ನಲವತ್ತೈದರಿಂದ ಶುರುವಾಗಿತ್ತು.

"ಹಂಗಾದ್ರೆ ಇದು ನಲವತ್ತೈದನೇ ಇಸ್ವಿದಾ ಅಮ್ಮಾ? ಆಗ ಈ ಕಂಪನೀನೇ ಹುಟ್ಟಿರ್ಲಿಲ್ಲ. ಇದು ಕೇಸಿನ ನಂಬರು, ಇಸ್ವಿ ಅಲ್ಲ. ಇಸ್ವಿ ಅಂದೋರು ಯಾರು?"

"ಒಬ್ರು ಮೇಷ್ಟ್ರು," ಎಂದರು ಅತ್ತೆ.

ಅವರ ಮುಖವನ್ನು ನೀವು ನೋಡಬೇಕಿತ್ತು. ಅತ್ತೆ ನಗುವುದು ಕಡಿಮೆ, ಅವತ್ತು ಬಜಾರ್ ರಸ್ತೆಯಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಚಂದನ ಅಲ್ಲೇ ನರೇಶನಿಗೆ ಫೋನ್ ಮಾಡಲು ಹೋದಳು. ಇರು ಎಂದು ತಡೆದವರು ಅತ್ತೆಯೇ. ಎಪ್ಪತ್ತೊಂದಲ್ಲ ಎಂದರೆ ಸಾಲದು, ಯಾವುದು ಎಂದೂ ಗೊತ್ತಾಗಬೇಕು ಎಂದು ಅವರ ಹಟ.

ಹೊರಗಿನಿಂದ ಹೇಳಲಾಗುವುದಿಲ್ಲ, ಒಳಗೆ ನೋಡಬೇಕು ಎಂದರು ಸಾಹೇಬರು. ವಾಚು ಬಿಚ್ಚಿದ ರಿಪೇರಿಯವರು ಮುಚ್ಚಳದ ಒಳಮೈಗೆ ಸೂಜಿಯಲ್ಲಿ ತಾರೀಕು ಗೀಚಿರುತ್ತಾರಂತೆ. ಮೊದಲನೆಯ ತಾರೀಕು ಸಿಕ್ಕರೆ, ವಾಚು ಅದಕ್ಕಿಂತ ಮುಂಚಿನದು ಎಂದು ಖಚಿತವಾಗುತ್ತದೆ. ಅತ್ತೆ ಬಿಚ್ಚಿ ಎಂದರು. ಮುಚ್ಚಳ ಟಕ್ಕೆಂದು ಬಿಟ್ಟುಕೊಂಡಿತು. ಒಳಗೆ ಮೂರು ಕಡೆ ಗೀಚಿತ್ತು. ಎರಡು ಸಾವಿರದ ಹನ್ನೊಂದು, ತೊಂಬತ್ತಾರು. ಆ ಎರಡು ಸಲವೂ ರಿಪೇರಿಗೆ ಒಯ್ದವರು ಅತ್ತೆಯೇ. ಮೂರನೆಯದು ಮಾಸಿತ್ತು. ಸಾಹೇಬರು ಮುಚ್ಚಳವನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, ಗಾಜು ತೆಗೆದು, ಒರೆಸಿ, ಮತ್ತೆ ಸಿಕ್ಕಿಸಿಕೊಂಡರು.

"ಇದು ನಮ್ಮಪ್ಪನ ಕೈಬರಹ," ಎಂದರು. ಅವರ ದನಿ ಸಣ್ಣಗಾಗಿತ್ತು. "ಹನ್ನೆರಡು ಎರಡು ಎಂಬತ್ತೆರಡು. ಪಕ್ಕದಲ್ಲಿ ನಂಗಲಿ ಅಂತಿದೆ, ಆಮೇಲೆ ಒಂದು ನ. ಒಂದೇ ಸಲ ನಾಲ್ಕೈದು ವಾಚು ಬಿಚ್ಚಿಟ್ಟಿದ್ರೆ ಮುಚ್ಚಳ ಅದಲುಬದಲಾಗ್ಬಾರ್ದು ಅಂತ ನಮ್ಮಪ್ಪ ಗಿರಾಕಿ ಊರು, ಹೆಸರಿನ ಮೊದಲ್ನೇ ಅಕ್ಷರ ಬರೀತಿದ್ರು."

ಅತ್ತೆಯ ಮದುವೆ ಎಂಬತ್ತಮೂರರ ಮೇ ತಿಂಗಳಲ್ಲಿ. ಅದಕ್ಕೆ ಒಂದು ವರ್ಷ ಮೂರು ತಿಂಗಳ ಮುಂಚೆಯೇ ಈ ವಾಚು ಇದೇ ಅಂಗಡಿಯ ಮೇಜಿನ ಮೇಲೆ ಕೂತೆದ್ದಿತ್ತು. ನ ಎಂದರೆ ನರಸಿಂಹಪ್ಪ ಎಂದು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ಚೈನೂ ವಾಚಿನ ಜೊತೆ ಬಂದದ್ದಾ ಎಂದು ಅತ್ತೆ ಕೇಳಿದರು. ಅಲ್ಲ, ಆಮೇಲೆ ಹಾಕಿಸಿದ್ದು, ಮೊದಲು ಚರ್ಮದ ಬೆಲ್ಟಿದ್ದ ಗುರುತಿದೆ ಎಂದರು ಸಾಹೇಬರು. ಅತ್ತೆ ಮುಚ್ಚಿಕೊಡಿ ಎಂದರು. ಸಾಹೇಬರು ದುಡ್ಡು ಬೇಡವೆಂದರು, ಅಪ್ಪನ ಅಕ್ಷರ ನೋಡಿ ಬಹಳ ವರ್ಷವಾಗಿತ್ತಂತೆ.

ಬಸ್‌ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅತ್ತೆ ಹೇಳಿದರು. ಮದುವೆಯ ದಿನ ಧಾರೆಗೆ ಇನ್ನೇನು ಕೂರಬೇಕು, ಅವರ ಅತ್ತೆ, ಎಂದರೆ ಮಾವನ ತಾಯಿ, ಮಗನ ಬರಿಗೈ ಎತ್ತಿ ಚಪ್ಪರದವರಿಗೆಲ್ಲ ತೋರಿಸಿದರಂತೆ. ವಾಚು ಕಟ್ಟದೆ ನನ್ನ ಮಗ ಹಸೆಗೆ ಕೂರುವುದಿಲ್ಲ ಎಂದರಂತೆ. ವಾಚಿನ ಮಾತು ಮುಂಚೆ ಬಂದೇ ಇರಲಿಲ್ಲ. ನರಸಿಂಹಪ್ಪ, ತಂದಿಟ್ಟಿದ್ದೇನೆ, ಅಂಗಡಿಯಲ್ಲಿದೆ ಎಂದು ಹೇಳಿ ಹೊರಗೆ ಹೋದರು. ಅರ್ಧ ಗಂಟೆಯಲ್ಲಿ ಬೆವರುತ್ತಾ ಬಂದರು. ಕೈಯಲ್ಲಿ ಹೊಳೆಯುವ ಚೈನಿನ ವಾಚಿತ್ತು. ಆಗೆಲ್ಲ ಸುಮಾರು ಜನರ ಕೈಯಲ್ಲಿದ್ದದ್ದು ಅದೇ ಥರದ ವಾಚು. ಹೊಸ ಚೈನು ನೋಡಿ ಮಗಳೇ ಗುರುತು ಹಿಡಿಯಲಿಲ್ಲ.

"ಆಷಾಢಕ್ಕೆ ತೌರಿಗೆ ಹೋದ್ನಲ್ಲ, ನೈನ ಕೈ ನೋಡಿದ್ರೆ ಬರೀ ಬೆಳ್ಳಗಿನ ಪಟ್ಟೆ. ವಾಚೆಲ್ಲಿ ಅಂದೆ. ಟೊಮೇಟೊ ಲೋಡ್ ಮಾಡೋವಾಗ ಬಿದ್ದೋಯ್ತು ಅಂತು. ನಾನು ಬೈದೆ ಕಣೇ. ಹೊಸ ಮದುವೆ ಹುಡುಗಿ, ಬಾಯಿ ಜಾಸ್ತಿ. ಒಂದು ವಾಚು ಜೋಪಾನ ಮಾಡಕ್ಕಾಗಲ್ವಾ ನಿಂಗೆ ಅಂತ ನಾಲ್ಕು ಜನದ ಮುಂದೆ ಬೈದೆ. ನೈನ ನಗ್ತಾ ನಿಂತಿತ್ತು."

ನರಸಿಂಹಪ್ಪನವರು ನಂಗಲಿಯ ಲಾರಿ ಬುಕಿಂಗ್ ಆಫೀಸಿನಲ್ಲಿದ್ದವರು. ಯಾವ ಲಾರಿ ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ಹೋಯಿತು ಎಂದು ಬರೆಯುವುದೇ ಅವರ ಕೆಲಸ. ಆಮೇಲೆ ಸಾಯುವವರೆಗೂ ಅವರು ಬಂದುಹೋಗುವ ಡ್ರೈವರುಗಳನ್ನು ಟೈಮೆಷ್ಟಪ್ಪಾ ಎಂದು ಕೇಳಿ ಬರೆಯುತ್ತಿದ್ದರಂತೆ. ಇಷ್ಟು ಹೇಳಿ ಅತ್ತೆ ಅತ್ತರು. ನನಗೂ ತಡೆಯಲಾಗಲಿಲ್ಲ, ನಾನೂ ಅತ್ತುಬಿಟ್ಟೆ. ಬಸ್‌ ಸ್ಟ್ಯಾಂಡು ಎಂದು ಸಹ ನೋಡಲಿಲ್ಲ.

ಚಂದನ ಮಾತ್ರ ಕಣ್ಣೊರೆಸಿಕೊಂಡು ಬುದ್ಧಿವಂತಿಕೆಯ ಮಾತಾಡಿದಳು. ಎಪ್ಪತ್ತೊಂದು ಇಸವಿಯಲ್ಲ ಎಂಬುದು ನಿಜ ತಾನೇ, ಅಷ್ಟು ಮಾತ್ರ ಹೇಳೋಣ, ಒಳಗಿನದು ಒಳಗೇ ಇರಲಿ ಎಂದಳು. ಇಷ್ಟು ವರ್ಷಕ್ಕೆ ಗೆದ್ದಿದ್ದೀಯ ಅಮ್ಮ, ನೀನೇ ಯಾಕೆ ಸೋಲುತ್ತೀಯ ಎಂದು ಕೇಳಿದಳು. ಅಷ್ಟರಲ್ಲಿ ಬಸ್ಸು ಬಂತು, ಅತ್ತೆ ಕರ್ಚೀಫಿನ ಗಂಟು ಬಿಗಿದು ಎದ್ದರು.

ಮನೆಗೆ ಬಂದು ಚಂದನ ಅಷ್ಟನ್ನೇ ಹೇಳಿದಳು. ಮಾವ ನಂಬಲಿಲ್ಲ. ನಲವತ್ತೈದರ ವಾಚಿನ ಕಥೆ ಹೇಳಿದ ಮೇಲೆ ಕೈ ಚಾಚಿ ನಮ್ಮ ವಾಚನ್ನು ಇಸಿದುಕೊಂಡರು. ಜಗುಲಿಯ ಮೇಲೆ ಕೂತು ವಾಚನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. ಆಮೇಲೆ ಕೈಗೆ ಕಟ್ಟಿಕೊಂಡರು. ಅಕ್ಕನಿಗೆ ಫೋನ್ ಮಾಡಿ, ಮೇಷ್ಟರು ಹೇಳಿದ್ದು ತಪ್ಪಂತೆ ಕಣಕ್ಕಾ, ವಾಚು ಹೊಸದೇ ಅಂತೆ ಎಂದರು. ಆ ಕಡೆಯಿಂದ ಫೋನ್ ಕಟ್ಟಾಯಿತು.

ಒಂದು ವಾರ ಮನೆಯಲ್ಲಿ ಹಬ್ಬದ ಹಾಗಿತ್ತು. ಎಪ್ಪತ್ತೊಂದು ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ನರೇಶ ಒಂದು ದಿನ ನಿನ್ನೆಯ ಸಾರನ್ನು ಬರೀ ಹಳೇ ಸಾರು ಎಂದು ತಿಂದ. ಬೆಳಿಗ್ಗೆ ಎದ್ದು ಮಾವನೇ ವಾಚಿಗೆ ಕೀ ಕೊಡತೊಡಗಿದರು, ತೋಟದಲ್ಲಿ ಸಿಕ್ಕಿದವರಿಗೆಲ್ಲ ತೋರಿಸಿದರು. ಮಡದಿಯನ್ನು ಎರಡು ಸಲ ಗಂಗೂ ಎಂದು ಕರೆದದ್ದನ್ನೂ ನಾನು ಕೇಳಿದೆ. ಇದೇ ಬೇಕಿತ್ತಲ್ಲವೇ ಅತ್ತೆಗೆ? ಆದರೆ ಅತ್ತೆ ಸಾರಿಗೆ ಉಪ್ಪು ಹಾಕಲು ಮರೆತರು, ಎರಡು ಸಲ ಹಾಲು ಉಕ್ಕಿಸಿದರು. ಯಾಕೆ ಎಂದು ಕೇಳಿದೆ.

"ಹೊಸದು ಅಂತ ಇವರು ಈಗ ಕಟ್ಕೊಂಡಿದ್ದಾರೆ. ಹಳೇದು ಅಂದ್ರೆ ನಾಚ್ಕೆ ಅಂತ ನಾನೂ ಒಪ್ಕೊಂಡಂಗಾಯ್ತಲ್ಲ ಶ್ರೀವಾಣಿ. ನಮ್ಮ ನೈನ ಮಾಡಿದ್ದು ನಾಚ್ಕೆ ಕೆಲಸಾನಾ?"

ಅಲ್ಲ ಅತ್ತೆ ಎಂದೆ.

ಭಾನುವಾರ ಮಾಲೂರಿನವರು ಕಾರಿನಲ್ಲಿ ಬಂದರು. ಹುಡುಗ, ಅವನ ಅಪ್ಪ ಚನ್ನರಾಯಪ್ಪ, ತಾಯಿ ರಾಮಲಕ್ಷ್ಮಮ್ಮ. ಜೊತೆಗೆ ಚಿಕ್ಕಗಂಗಮ್ಮ. ಊಟವಾಯಿತು. ನಾಲ್ಕೂವರೆಗೆ ರಾಹುಕಾಲ, ಅಷ್ಟರೊಳಗೆ ತಾಂಬೂಲ ಬದಲಾಯಿಸಿಕೊಂಡುಬಿಡೋಣ ಎಂದಾಯಿತು. ನಾನು ತಟ್ಟೆಗೆ ಎಲೆ, ಅಡಿಕೆ, ತೆಂಗಿನಕಾಯಿ ಜೋಡಿಸಿದೆ. ಆಗ ಚನ್ನರಾಯಪ್ಪ ಮೆತ್ತಗೆ ಶುರು ಮಾಡಿದರು. ನಮ್ಮದು ಡಿಮ್ಯಾಂಡು ಅಂತ ಏನಿಲ್ಲ, ಶಾಸ್ತ್ರಕ್ಕೆ ಹುಡುಗನಿಗೆ ಒಂದು ಉಂಗುರ, ಒಂದು ಒಳ್ಳೆಯ ವಾಚು, ನಾಲ್ಕು ಜನರ ಮುಂದೆ ಕೈ ಖಾಲಿ ಕಾಣಬಾರದು ನೋಡಿ ಎಂದರು.

ಮಾವ ಅಂಗಿಯ ತೋಳು ಮಡಚಿ ಕೈ ಮುಂದೆ ಚಾಚಿದರು. ಅದಕ್ಕೇನು, ಕೊಡೋಣ, ನೋಡಿ ಇದು ನಮ್ಮ ಮಾವ ಕೊಟ್ಟದ್ದು, ನಾವು ಸುಮ್ಮನೆ ಹಳೇದು ಹಳೇದು ಅಂತಿದ್ದೆವು, ಹೊಸದೇ ಕೊಟ್ಟಿದ್ದಾರೆ ಪುಣ್ಯಾತ್ಮ ಎಂದರು.

ಅತ್ತೆ ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದರು. ಚಂದನ ನನ್ನ ಕೈ ಹಿಡಿದುಕೊಂಡಳು.

"ಹೊಸದಲ್ಲ ಅದು," ಎಂದರು ಅತ್ತೆ. "ನಮ್ಮ ನೈನ ತನ್ನ ಕೈಲಿದ್ದಿದ್ದು ಬಿಚ್ಚಿ ಕೊಟ್ಟಿದ್ದು. ಮುಚ್ಚಳದ ಒಳಗೆ ತಾರೀಕಿದೆ, ಊರಿದೆ, ಹೆಸರಿನ ಅಕ್ಷರ ಇದೆ. ನಮ್ಮದುವೆಗಿಂತ ಮುಂಚಿಂದು."

ಚಿಕ್ಕಗಂಗಮ್ಮನಿಗೆ ಜೀವ ಬಂತು. ನಾನು ಅವತ್ತೇ ಹೇಳಲಿಲ್ಲವೇ ಎಂದು ಬಾಯಿ ತೆಗೆದರು.

"ಹೇಳಿದ್ರಿ ಅತ್ತಿಗೆ, ನೀವು ಹೇಳಿದ್ದು ನಿಜ, ಹಳೇದೇ. ಆದ್ರೆ ಯಾಕೆ ಹಳೇದು ಅಂತ ನೀವ್ಯಾರೂ ಕೇಳ್ಲಿಲ್ಲ. ವಾಚಿನ ಮಾತೇ ಇರ್ಲಿಲ್ಲ, ಧಾರೆ ಹೊತ್ತಲ್ಲಿ ತೆಗೆದ್ರಿ. ಹಸೆ ಮೇಲೆ ಕೂರಲ್ಲ ಅಂದೋರು ನಿಮ್ಮನೆಯೋರು. ಅರ್ಧ ಗಂಟೇಲಿ ನಂಗಲೀಲಿ ಹೊಸ ವಾಚು ಎಲ್ಲಿಂದ ಬರುತ್ತೆ? ನಮ್ಮಪ್ಪ ತಾನು ಟೈಮು ನೋಡ್ಕೊಳ್ಳೋ ವಾಚು ಕೊಟ್ಟು, ಸಾಯೋವರ್ಗೂ ಊರೋರ್ನೆಲ್ಲ ಟೈಮು ಕೇಳ್ಕೊಂಡು ಬದುಕ್ತು. ಅಂಥೋನಿಗೆ ನಲವತ್ತೆರಡು ವರ್ಷ ಈ ಮನೇಲಿ ನಗಾಡಿದ್ರಿ. ನಗಬೇಕಾದ್ದು ಅವನ್ನ ನೋಡಿ ಅಲ್ಲ."

"ಬೀಗರ ಮುಂದೆ ಏನೇ ಇದು," ಎಂದು ಮಾವ ಎದ್ದು ನಿಂತರು. ಮುಖ ಕೆಂಪಾಗಿತ್ತು.

"ಬೀಗರ ಸಲುವಾಗೇ ನಮ್ಮ ನೈನಾನೂ ಬಿಚ್ಚಿದ್ದು. ನೀವೂ ಬಿಚ್ಚಿ."

ಮಾವ ನರೇಶನ ಮುಖ ನೋಡಿದರು. ನನ್ನ ಗಂಡ, ನಾನು ಬೈದರೆ ಸ್ನಾನಕ್ಕೆ ಹೋಗುವ ಪುಣ್ಯಾತ್ಮ, ಅವತ್ತು ಎದ್ದು ಹೋಗಲಿಲ್ಲ. ಕೊಡಪ್ಪಾ ಎಂದ. ಮಾವನ ಬೆರಳುಗಳು ಚೈನಿನ ಕೊಂಡಿಗೆ ತಡಕಾಡಿದವು. ಬಿಚ್ಚಿ ಕೊಟ್ಟರು. ಅತ್ತೆ ಅದನ್ನು ತಮ್ಮ ಎಡಗೈಗೆ ಹಾಕಿಕೊಂಡರು. ಸಡಿಲವಾಗಿ ಜಾರಿತು, ಬಳೆಗಳಿಗಿಂತ ಮೇಲೆ ಸರಿಸಿ ನಿಲ್ಲಿಸಿಕೊಂಡರು.

ಚನ್ನರಾಯಪ್ಪ ಕೂತಲ್ಲೇ ಮಿಸುಕಾಡಿದರು. ಏನು ಮಾತಾಡಬೇಕೋ ತಿಳಿಯದೆ, ರಾಹುಕಾಲ ಬಂದುಬಿಟ್ಟಿತೇನೋ, ಟೈಮೆಷ್ಟು ಎಂದರು. ಮೂರು ಜನ ಜೇಬಿನಿಂದ ಮೊಬೈಲು ತೆಗೆಯಲು ಹೋದರು. ಅತ್ತೆ ಕೈಯೆತ್ತಿ ನೋಡಿದರು.

"ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇದೆ. ನನ್ನ ಮಗಳನ್ನ ಕೊಡ್ತೀನಿ, ವಾಚು ಕೊಡಲ್ಲ. ಒಪ್ಗೆ ಇದ್ರೆ ತಾಂಬೂಲ ತಗೊಳ್ಳಿ. ಇಲ್ದಿದ್ರೆ ಕಾರು ತಿರುಗಿಸ್ಕೊಳ್ಳೋಕೆ ಹುಣಸೆಮರದ ಹತ್ರ ಜಾಗ ಇದೆ."

ಹುಡುಗ ವೇಣುಗೋಪಾಲ್, ನಂಗೆ ವಾಚು ಬೇಡ ಅಪ್ಪಾ ಎಂದ. ಹೇಳಿದ್ದು ಅಷ್ಟೇ, ಅದೂ ನೆಲ ನೋಡಿಕೊಂಡು. ಅವನಿಗಿಂತ ಮುಂಚೆ ಎದ್ದವರು ಅವನ ತಾಯಿ ರಾಮಲಕ್ಷ್ಮಮ್ಮ. ಗಂಡನ ಮುಖವನ್ನು ನೋಡದೆ ನೇರ ಬಂದು ನನ್ನ ಮುಂದೆ ತಾಂಬೂಲಕ್ಕೆ ಸೆರಗೊಡ್ಡಿದರು. ನಾನು ತಟ್ಟೆಯನ್ನು ಅತ್ತೆಯ ಕೈಗೆ ಕೊಟ್ಟೆ.

ಮಾರನೇ ದಿನ ಬೆಳಿಗ್ಗೆ ನಾನೂ ಅತ್ತೆಯೂ ಹುಳುಮನೆಯ ಮುಂದೆ ಸೊಪ್ಪು ಕತ್ತರಿಸುತ್ತಿದ್ದೆವು. ಮಾವ ಅವತ್ತು ಕಾಫಿಯನ್ನೂ ನಿಂತುಕೊಂಡೇ ಕುಡಿದು ತೋಟಕ್ಕೆ ಹೋಗಿದ್ದರು. ಮೊಬೈಲು ಚಾರ್ಜಿಗೆ ಹಾಕಿ ಮನೆಯಲ್ಲೇ ಬಿಟ್ಟಿದ್ದರು. ಒಂಬತ್ತಕ್ಕೆ ಕರೆಂಟು ಬರುತ್ತದೆ, ಮೋಟರು ಹಾಕಬೇಕು. ಹಿಪ್ಪುನೇರಳೆ ಸಾಲಿನ ಮಧ್ಯದಿಂದ ಒಂದು ಸಲ ಕೆಮ್ಮಿದರು. ಇನ್ನೊಂದು ಸಲ ಕೆಮ್ಮಿದರು. ಆಮೇಲೆ ಕೂಗಿ ಕೇಳಿದರು.

"ಟೈಮೆಷ್ಟಾಯ್ತೇ?"

ಅತ್ತೆ ಕೈಯಲ್ಲಿದ್ದ ಸೊಪ್ಪಿನ ಕಟ್ಟು ಪೂರ್ತಿ ಕತ್ತರಿಸಿದರು. ಕತ್ತಿ ಕೆಳಗಿಟ್ಟು, ಕೈಗಂಟಿದ ಎಲೆ ಕೊಡವಿ, ವಾಚನ್ನು ಮೊಳಕೈಯಿಂದ ಕೆಳಕ್ಕೆ ಸರಿಸಿ ನೋಡಿದರು.

"ಒಂಬತ್ತಕ್ಕೆ ಐದು ನಿಮಿಷ ಇದೆ," ಎಂದು ಹೇಳಿ, ಇನ್ನೊಂದು ಕಟ್ಟಿಗೆ ಕೈ ಹಾಕಿದರು.